ಹಿತ್ತಿಲ ಜೇನುಪೆಟ್ಟಿಗೆ ತೆರೆದ ಒಂದು ಬೆಳಗು

ದಸರಾ ರಜೆಗೆ ಶಾಲೆ ಮುಚ್ಚುವ ಹಿಂದಿನ ದಿನ. ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಶಿಕ್ಷಕರ ಕೋಣೆಯಲ್ಲಿ ಕುಳಿತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, 'ಸರ್, ಒಳಗೆ ಬರಲಾ?' ಎಂದಳು. ಅಂಕ ಕೇಳಲು ಬಂದಿರಬೇಕು ಅಂದುಕೊಂಡೆ. ಅವಳು ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟಳು. ತೆರೆದು ನೋಡಿದರೆ ಒಳಗೆ ಹತ್ತಿಯ ಹಾಸಿಗೆ, ಅದರ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ನಾಲ್ಕು ಬೆಳ್ಳನೆಯ ಸತ್ತ ಮರಿಗಳು.

'ನಮ್ಮ ಹಿತ್ತಿಲ ಜೇನುಪೆಟ್ಟಿಗೆಯ ಬಾಗಿಲಲ್ಲಿ ಬಿದ್ದಿದ್ದವು ಸರ್. ಜೇನುಹುಳಗಳೇ ಎಳೆದು ಹೊರಗೆ ಹಾಕ್ತಾ ಇವೆ. ನಾಲ್ಕು ದಿನ ಆಯ್ತು. ಅಜ್ಜ ನೋಡಿದವರು ಮಾತೇ ಆಡಲಿಲ್ಲ. ಅಪ್ಪ ಪೆಟ್ಟಿಗೆ ಸುಟ್ಟುಬಿಡುವ ಅಂತಾರೆ. ನೀವು ಒಂದು ಸಲ ಬಂದು ನೋಡ್ತೀರಾ?'

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಾನು ಬಯಲುಸೀಮೆಯವನು, ಹಾವೇರಿ ಕಡೆಯ ಹಳ್ಳಿ, ಧಾರವಾಡದಲ್ಲಿ ಓದು. ಶಿರಸಿ ಸೀಮೆಗೆ ಮೇಷ್ಟರಾಗಿ ಬಂದು ಇಪ್ಪತ್ತೈದು ವರ್ಷಗಳ ಮೇಲಾಯಿತು. ಅಷ್ಟೂ ವರ್ಷ ಕಪ್ಪುಹಲಗೆಯ ಮೇಲೆ ರಾಣಿ, ಕೆಲಸಗಾರ, ಗಂಡು ಎಂದು ಮೂರು ಜೇನ್ನೊಣಗಳ ಚಿತ್ರ ಬರೆದಿದ್ದೇನೆ. ಮೊಟ್ಟೆ, ಮರಿಹುಳು, ಕೋಶಾವಸ್ಥೆ, ಪ್ರೌಢಕೀಟ ಎಂದು ಬಾಣದ ಗುರುತು ಹಾಕಿದ್ದೇನೆ. ಆದರೆ ಒಂದು ಜೇನುಪೆಟ್ಟಿಗೆಯ ಮುಚ್ಚಳವನ್ನೂ ಕೈಯಾರೆ ಎತ್ತಿರಲಿಲ್ಲ. ಇದನ್ನು ಹುಡುಗಿಗೆ ಹೇಗೆ ಹೇಳುವುದು? 'ಭಾನುವಾರ ಬರುತ್ತೇನೆ' ಎಂದುಬಿಟ್ಟೆ.

ಅವಳು ಹೊರಟ ಮೇಲೆ ಪ್ರಯೋಗಶಾಲೆಯಿಂದ ಭೂತಗನ್ನಡಿ ತಂದು ಆ ಮರಿಗಳನ್ನು ನೋಡಿದೆ. ಬಿಳಿಯ ಮೈ, ಮಡಚಿಕೊಂಡ ಸಣ್ಣ ಕಾಲುಗಳು, ತಲೆಯ ಎರಡೂ ಬದಿಗೆ ನೇರಳೆ ಬಣ್ಣದ ಚುಕ್ಕೆ. ಕಂಡದ್ದನ್ನು ಕಾಗದದಲ್ಲಿ ಬರೆದಿಟ್ಟುಕೊಂಡೆ. ಆ ರಾತ್ರಿ ಜೇನಿನ ರೋಗಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಶಾಲ್ಮಲೆಯ ಆಚೆ

ಶಿರಸಿಯಿಂದ ಯಲ್ಲಾಪುರದ ಕಡೆಗೆ ಹೋಗುವ ಬೆಳಗಿನ ಬಸ್ಸು ಹತ್ತಿದೆ. ಸಹಸ್ರಲಿಂಗ ನೋಡಲು ಬರುವವರಿಗೆ ಈ ರಸ್ತೆ ಪರಿಚಿತ. ಮಳೆಗಾಲ ಮುಗಿದಿದ್ದರೂ ಶಾಲ್ಮಲೆಯಲ್ಲಿ ಇನ್ನೂ ತುಂಬು ನೀರು. ಬಂಡೆಗಳ ಮೇಲೆ ಕೊರೆದ ಲಿಂಗಗಳಲ್ಲಿ ಹೆಚ್ಚಿನವು ನೀರೊಳಗೇ ಇದ್ದಾವು. ಬಸ್ಸಿಳಿದು ಒಂದು ಮೈಲಿ ಮಣ್ಣಿನ ದಾರಿಯಲ್ಲಿ ನಡೆಯಬೇಕು. ಎಡಕ್ಕೆ ತೆನೆ ಬಾಗಿದ ಗದ್ದೆ, ಬಲಕ್ಕೆ ಸೊಪ್ಪಿನ ಬೆಟ್ಟ. ದಾರಿಯಂಚಿನಲ್ಲೆಲ್ಲ ಮುಟ್ಟಿದರೆ ಮುನಿಯ ಗುಲಾಬಿ ಬಣ್ಣದ ಹೂಗಳು. ಬಗ್ಗಿ ನೋಡಿದರೆ ಹೂವಿಗೊಂದು ಜೇನು. 'ಇದು ಯಾರ ಮನೆಯ ಜೇನೋ' ಎಂದು ಮೊದಲ ಬಾರಿಗೆ ನನಗೆ ಅನ್ನಿಸಿತು.

ಮನೆ ಸಣ್ಣದು, ಹಿಡುವಳಿಯೂ ಸಣ್ಣದು: ಮುಕ್ಕಾಲು ಎಕರೆ ಅಡಿಕೆ ತೋಟ, ಒಂದು ತುಂಡು ಗದ್ದೆ, ಹಿತ್ತಿಲಲ್ಲಿ ಸೌತೆ, ಹೀರೆ, ಕುಂಬಳದ ಬಳ್ಳಿ. ಅಂಗಳದಲ್ಲಿ ಹುಡುಗಿಯ ಅಪ್ಪ ಎದುರಾದರು. ಜಗಲಿಯ ಮೇಲೆ ಎಂಬತ್ತರ ಹತ್ತಿರದ ಅಜ್ಜ ಕವಳದ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದರು.

'ಬನ್ನಿ ಮಾಸ್ತರೇ, ಕೂತುಕೊಳ್ಳಿ. ಆಸರಿಗೆ ಎಂತ ಆಗಬಹುದು?' ಎಂದರು ಅಜ್ಜ.

ಹುಡುಗಿಯ ಆಯಿ ಮಜ್ಜಿಗೆಯ ಜೊತೆಗೆ ಒಂದು ತಟ್ಟೆಯಲ್ಲಿ ಬಾಳೆಹಣ್ಣನ್ನೂ ತಂದಿಟ್ಟರು. ನಾನು ಒಂದನ್ನು ತೆಗೆದು ಸುಲಿಯಬೇಕು, ಅಷ್ಟರಲ್ಲಿ ಅಜ್ಜ ಕೈ ಅಡ್ಡ ಹಿಡಿದರು. 'ಜೇನಿನ ಹತ್ತಿರ ಹೋಗುವುದಾದರೆ ಬಾಳೆಹಣ್ಣು ಆಮೇಲೆ ತಿನ್ನಿ.'

ನನಗೆ ತಟ್ಟನೆ ಹೊಳೆಯಿತು. ಜೇನು ಕಚ್ಚಿದಾಗ ಅದರ ಕೊಂಡಿಯ ಬುಡದಿಂದ ಒಂದು ವಾಸನೆ ಹೊರಡುತ್ತದೆ. 'ಇಲ್ಲಿ ಶತ್ರು ಇದ್ದಾನೆ, ಬನ್ನಿ' ಎಂದು ಉಳಿದ ಜೇನುಗಳನ್ನು ಕರೆಯುವ ವಾಸನೆ ಅದು. ಅದರಲ್ಲಿರುವ ಮುಖ್ಯ ವಸ್ತು ಐಸೋಅಮೈಲ್ ಅಸಿಟೇಟ್. ಮಾಗಿದ ಬಾಳೆಹಣ್ಣಿನ ಪರಿಮಳದಲ್ಲಿ ಇರುವುದೂ ಅದೇ. ಪ್ರಯೋಗಶಾಲೆಯಲ್ಲಿ ಎಸ್ಟರ್ ಪಾಠ ಮಾಡುವಾಗ 'ಹಣ್ಣಿನ ವಾಸನೆ' ಎಂದು ಹೇಳಿ ಮುಂದೆ ಹೋಗುತ್ತಿದ್ದ ನನಗೆ, ರಸಾಯನಶಾಸ್ತ್ರ ಓದದ ಅಜ್ಜ ಅದರ ಉಪಯೋಗ ಹೇಳಿಕೊಟ್ಟರು. ಹಣ್ಣನ್ನು ತಟ್ಟೆಯಲ್ಲೇ ಇಟ್ಟೆ.

ಅಜ್ಜನ ಹನ್ನೆರಡು ಪೆಟ್ಟಿಗೆ

'ಪೆಟ್ಟಿಗೆ ಸುಡುವ ಮಾತು ಬೇಡ ಅಂತ ಇವಳು ಹಟ ಹಿಡಿದಿದ್ದಾಳೆ' ಎಂದು ಅಪ್ಪ ಶುರು ಮಾಡಿದರು. 'ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಪುಸ್ತಕ ಹಿಡಿದು ಕೂರು ಅಂದರೆ ಹಿತ್ತಿಲಲ್ಲಿ ಕೂತಿರುತ್ತಾಳೆ. ಈ ವರ್ಷ ಸಿಕ್ಕಿದ್ದು ಮೂರು ಬಾಟಲಿ ತುಪ್ಪ. ಅದಕ್ಕೆ ಇಷ್ಟೆಲ್ಲ ಗೋಳು ಯಾಕೆ ಹೇಳಿ.' ಈ ಕಡೆ ಜೇನಿಗೆ ಜೇನುತುಪ್ಪ ಎಂದು ಪೂರ್ತಿ ಹೇಳುವವರು ಕಡಿಮೆ. ತುಪ್ಪ ಎಂದರೆ ಸಂದರ್ಭ ನೋಡಿ ತಿಳಿದುಕೊಳ್ಳಬೇಕು.

ಅಜ್ಜ ಅಡಿಕೆ ಹೋಳು ಮಾಡುತ್ತ ನಿಧಾನವಾಗಿ ಹೇಳಿದರು. 'ಅವನಿಗೆ ತುಪ್ಪದ ಲೆಕ್ಕ ಮಾಸ್ತರೇ. ನನಗೆ ಹೆದರಿಕೆ ಬೇರೆ. ನನ್ನ ಹತ್ತಿರ ಹನ್ನೆರಡು ಪೆಟ್ಟಿಗೆ ಇತ್ತು. ಒಂದು ಮಳೆಗಾಲ ಕಳೆದು ನೋಡುವಾಗ ಹೀಗೇ, ಬಾಗಿಲಲ್ಲಿ ಬಿಳೀ ಮರಿ. ದಿನಾ ಗುಡಿಸಿದರೂ ದಿನಾ ಬೀಳುತ್ತಿತ್ತು. ಎರಿಯ ಕಣ್ಣಿನಲ್ಲಿ ಮರಿ ಅಂಗಾತ ಸತ್ತಿರುತ್ತಿತ್ತು. ಕಡ್ಡಿಯಲ್ಲಿ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬರುತ್ತಿತ್ತು. ಎರಡು ತಿಂಗಳಲ್ಲಿ ಹನ್ನೆರಡೂ ಖಾಲಿ. ನಮ್ಮ ಮನೆ ಒಂದೇ ಅಲ್ಲ, ಊರಿಗೆ ಊರೇ ಖಾಲಿ. ಆ ವರ್ಷ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದವನು ಮತ್ತೆ ಮುಟ್ಟಲಿಲ್ಲ.'

ಅಜ್ಜ ಹೇಳಿದ್ದು 1991–92ರ ಕಥೆ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಅದು. ಥಾಯ್ಲೆಂಡಿನಲ್ಲಿ 1976ರಲ್ಲಿ ಕಂಡುಬಂದದ್ದರಿಂದ ಆ ಹೆಸರು. 1991–92ರಲ್ಲಿ ಅದು ದಕ್ಷಿಣ ಭಾರತದಲ್ಲಿ ಹಬ್ಬಿದಾಗ ಸಾಕಿದ ತುಡುವೆ ಜೇನಿನ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾದವು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ರೋಗಾಣು ವೈರಸ್ ಆದ್ದರಿಂದ ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧಿ ನಾಟುವುದಿಲ್ಲ. ಮನುಷ್ಯರಿಗೆ ಅದರಿಂದ ಏನೂ ಆಗುವುದಿಲ್ಲ. ಸಾಯುವುದು ಜೇನಿನ ಮರಿಗಳು ಮಾತ್ರ. ಮರಿ ಇಲ್ಲದ ಸಂಸಾರ ಎಷ್ಟು ದಿನ ನಡೆದೀತು? ರೋಗವನ್ನು ತಡೆದುಕೊಂಡು ಕಾಡಿನಲ್ಲಿ, ಹುತ್ತದಲ್ಲಿ, ಮರದ ಪೊಟರೆಯಲ್ಲಿ ಉಳಿದ ಕುಟುಂಬಗಳಿಂದ ತುಡುವೆ ಮತ್ತೆ ಮೆಲ್ಲಗೆ ಹೆಚ್ಚಿತು. ರೋಗ ಪೂರ್ತಿ ಹೋಗಲಿಲ್ಲ, ಅಲ್ಲಲ್ಲಿ ಮರುಕಳಿಸುತ್ತದೆ.

ಹಿಂದಿನ ವರ್ಷ ಹಿತ್ತಿಲ ಹುತ್ತದಲ್ಲಿ ಒಂದು ಕುಟುಂಬ ಬಂದು ಕುಳಿತಾಗ, ಮೊಮ್ಮಗಳು ಅಟ್ಟದಿಂದ ಒಂದು ಹಳೆಯ ಪೆಟ್ಟಿಗೆ ಇಳಿಸಿ, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟಳಂತೆ. ಜೇನು ಸಾಕುವ ನೆರೆಮನೆಯವರು ಕುಟುಂಬವನ್ನು ಅದಕ್ಕೆ ತುಂಬಿಸಿಕೊಟ್ಟರು. ಅಜ್ಜ ಜಗಲಿಯಿಂದಲೇ ನೋಡಿದರು, ಹತ್ತಿರ ಹೋಗಲಿಲ್ಲ.

ಬಾಗಿಲಲ್ಲೇ ಅರ್ಧ ಉತ್ತರ

ಬಿಸಿಲು ಏರುವ ಮೊದಲು ಹಿತ್ತಿಲಿಗೆ ಹೋದೆವು. ಅಜ್ಜನೂ ಕೋಲು ಊರಿಕೊಂಡು ಹಿಂದೆ ಬಂದರು. ಹಲಸಿನ ಮರದ ಅರೆನೆರಳಿನಲ್ಲಿ ನಾಲ್ಕು ಕಾಲಿನ ಪೀಠ, ಅದರ ಮೇಲೆ ಪೆಟ್ಟಿಗೆ. ಇರುವೆ ಹತ್ತದಂತೆ ಪೀಠದ ಪ್ರತಿಯೊಂದು ಕಾಲಿನ ಅಡಿಗೂ ನೀರಿನ ಬಟ್ಟಲು. ಎರಡು ಬಟ್ಟಲು ಒಣಗಿದ್ದವು. ಅಪ್ಪ ಏನೂ ಹೇಳದೆ ಹೋಗಿ ಚೊಂಬಿನಲ್ಲಿ ನೀರು ತಂದು ಹೊಯ್ದರು.

ಪೆಟ್ಟಿಗೆ ತೆರೆಯುವ ಮೊದಲು ಹತ್ತು ನಿಮಿಷ ಬಾಗಿಲನ್ನು ನೋಡಬೇಕು ಎಂಬುದು ಅಜ್ಜನ ಕ್ರಮ. ಎದುರಿಗೆ ನಿಲ್ಲಬಾರದು, ಅದು ಅವುಗಳ ಹಾದಿ, ಪಕ್ಕದಲ್ಲಿ ನಿಲ್ಲಬೇಕು. ನಾವು ನೋಡಿದೆವು. ಒಳಗೆ ಹೋಗುವ ಜೇನುಗಳಲ್ಲಿ ಹಲವು ಹಿಂಗಾಲಿನ ಮೇಲೆ ಹಳದಿ ಉಂಡೆ ಹೊತ್ತಿದ್ದವು. ಅದು ಪರಾಗ.

'ಪರಾಗ ಹೋಗ್ತಾ ಇದೆ ಅಂದರೆ ಒಳಗೆ ಮರಿ ಇದೆ ಅಂತಲ್ವಾ ಸರ್?' ಎಂದಳು ಹುಡುಗಿ.

ಹೌದು. ಮಕರಂದ ದೊಡ್ಡವರಿಗೂ ಬೇಕು. ಪರಾಗ ಮುಖ್ಯವಾಗಿ ಬೇಕಾಗುವುದು ಮರಿ ಬೆಳೆಸಲು. ಪರಾಗ ಹೊತ್ತು ತರುತ್ತಿರುವ ಕುಟುಂಬದಲ್ಲಿ ರಾಣಿ ಇದ್ದಾಳೆ, ಮೊಟ್ಟೆ ಇಡುತ್ತಿದ್ದಾಳೆ ಎಂದು ನಂಬಲು ಅದೊಂದು ಆಧಾರ. ಆದರೆ ಅಡಿಹಲಗೆಯ ಅಂಚಿನಲ್ಲಿ ಅಂದೂ ಮೂರು ಬಿಳಿ ಮರಿಗಳು ಬಿದ್ದಿದ್ದವು. ಹುಡುಗಿ ಅವನ್ನು ಬೆಂಕಿಪೊಟ್ಟಣಕ್ಕೆ ತುಂಬಿಕೊಂಡಳು.

ತೆಂಗಿನ ಸಿಪ್ಪೆಗೆ ಕೆಂಡ ಹಚ್ಚಿ ಬಾಗಿಲಿಗೆ ನಾಲ್ಕು ಸಲ ಹೊಗೆ ಊದಿದೆವು. ಹೊಗೆಯಿಂದ ಎರಡು ಕೆಲಸ ಆಗುತ್ತದೆ. ನಾನು ಹೇಳಿದ ಅಪಾಯದ ವಾಸನೆಯನ್ನು ಹೊಗೆ ಮುಚ್ಚಿಬಿಡುತ್ತದೆ. ಜೊತೆಗೆ, ಕಾಡಿಗೆ ಬೆಂಕಿ ಬಿತ್ತೆಂದು ತಿಳಿದವರಂತೆ ಜೇನುಗಳು ಹೊಟ್ಟೆ ತುಂಬ ತುಪ್ಪ ಹೀರಿಕೊಳ್ಳುತ್ತವೆ. ಹೊಟ್ಟೆ ತುಂಬಿದ ಜೇನಿಗೆ ಜಗಳದ ಮನಸ್ಸು ಕಡಿಮೆ. ಆದರೆ ಹೊಗೆ ಹೆಚ್ಚಾಗಬಾರದು. ತುಡುವೆ ಬೇಸತ್ತರೆ ಪೆಟ್ಟಿಗೆಯನ್ನೇ ಬಿಟ್ಟು ಹೋಗುವ ಜಾತಿ.

ಹುಡುಗಿ ಮುಚ್ಚಳ ತೆಗೆದಳು. ಪೆಟ್ಟಿಗೆ ಬಹಳ ಸರಳವಾದದ್ದು. ಕೆಳಗೆ ಅಡಿಹಲಗೆ, ಅದರ ಮೇಲೆ ಮರಿಗಳಿರುವ ಸಂಸಾರ ಕೋಣೆ, ತುಪ್ಪದ ಕಾಲದಲ್ಲಿ ಅದರ ಮೇಲೆ ಜೇನು ಕೋಣೆ. ದಕ್ಷಿಣ ಭಾರತದಲ್ಲಿದ್ದ ಪಾದ್ರಿ ನ್ಯೂಟನ್ ಎಂಬವರು ಕಳೆದ ಶತಮಾನದ ಆರಂಭದಲ್ಲಿ ನಮ್ಮ ಸಣ್ಣ ಜೇನಿಗೆ ಹೊಂದುವಂತೆ ರೂಪಿಸಿದ್ದರಿಂದ ಇದಕ್ಕೆ ನ್ಯೂಟನ್ ಪೆಟ್ಟಿಗೆ ಎಂದೇ ಹೆಸರು. ಒಳಗೆ ಮರದ ಚೌಕಟ್ಟುಗಳು, ಚೌಕಟ್ಟಿಗೊಂದು ಎರಿ. ಈ ಚೌಕಟ್ಟನ್ನು ಪುಸ್ತಕದ ಹಾಳೆಯಂತೆ ಒಂದೊಂದಾಗಿ ಎತ್ತಿ ನೋಡಲು ಸಾಧ್ಯವಾದದ್ದರ ಹಿಂದೆ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಇನ್ನೊಬ್ಬ ಪಾದ್ರಿ 1851ರಲ್ಲಿ ಗಮನಿಸಿದ ಒಂದು ಸಂಗತಿಯಿದೆ. ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಅಗಲದ ಸಂದನ್ನು ಜೇನುಗಳು ಓಡಾಡುವ ದಾರಿಯೆಂದು ಖಾಲಿ ಬಿಡುತ್ತವೆ. ಅದಕ್ಕಿಂತ ಕಿರಿದಾದರೆ ಮೆತ್ತಿ ಮುಚ್ಚುತ್ತವೆ, ಅಗಲವಾದರೆ ಎರಿ ಕಟ್ಟುತ್ತವೆ. ಆ ಸಂದನ್ನು ಸರಿಯಾಗಿ ಬಿಟ್ಟದ್ದರಿಂದಲೇ ಗೂಡು ಮುರಿಯದೆ ಒಳಗಿನದನ್ನು ನೋಡಬಹುದು.

ಚೌಕಟ್ಟುಗಳ ಮೇಲೆ ಅಂಗೈಯನ್ನು ಎರಡು ಬೆರಳು ಎತ್ತರದಲ್ಲಿ ಹಿಡಿದೆ. ಬೆಳಗಿನ ತಂಪಿನಲ್ಲೂ ಕೆಳಗಿನಿಂದ ಬಿಸಿ ಬಡಿಯಿತು. ಮರಿಗಳಿರುವ ಜಾಗವನ್ನು ಜೇನುಗಳು 34–35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತವೆ ಎಂದು ಪಾಠ ಮಾಡಿದ್ದೆ. ಆ ಸಂಖ್ಯೆ ಅಂದು ಅಂಗೈಗೆ ತಾಗಿತು.

ತೂತಿರುವ ಮುಚ್ಚಳ

ಆರು ಎರಿಗಳಿದ್ದವು. ಮೊದಲ ಎರಿ ಹಗುರ, ಖಾಲಿ. ಎರಡನೆಯದನ್ನು ಹುಡುಗಿ ಎತ್ತಿ ಬೆಳಕಿಗೆ ಹಿಡಿದಾಗ ನನ್ನ ಎದೆ ಧಸಕ್ಕೆಂದಿತು. ಕೆಳಅಂಚಿನಲ್ಲಿ ಇಪ್ಪತ್ತು ಮೂವತ್ತು ಕಣ್ಣುಗಳ ಮುಚ್ಚಳ ಉಬ್ಬಿತ್ತು. ಒಂದೊಂದರ ನಡುವೆಯೂ ಸೂಜಿಯಲ್ಲಿ ಚುಚ್ಚಿದಂತೆ ತೂತು. ಮುಚ್ಚಳದಲ್ಲಿ ತೂತು ಬೀಳುವುದು ರೋಗದ ಲಕ್ಷಣ ಎಂದು ಹಿಂದಿನ ರಾತ್ರಿಯಷ್ಟೇ ಓದಿದ್ದೆ.

'ನೋಡಿ, ಇದೇ ಇರಬೇಕು' ಎಂದೆ. ಗಡಿಬಿಡಿಯಲ್ಲಿ ಬೆರಳು ಚಾಚಿದೆ. ತಕ್ಷಣ ಹೆಬ್ಬೆರಳ ಬುಡಕ್ಕೆ ಒಂದು ಕಚ್ಚಿತು. ಹುಡುಗಿ ತನ್ನ ಉಗುರಿನಿಂದ ಕೊಂಡಿಯನ್ನು ಕೆರೆದು ತೆಗೆದಳು. 'ಕೊಂಡಿ ಒಳಗೇ ಉಳಿದರೆ ವಿಷ ಇಳೀತಾ ಇರ್ತದೆ ಸರ್, ಬೇಗ ತೆಗೀಬೇಕು' ಎಂದು ನನ್ನ ಪಾಠವನ್ನು ನನಗೇ ಒಪ್ಪಿಸಿದಳು.

ಅಜ್ಜ ಮಾತ್ರ ನಕ್ಕರು. ಅಂದು ಅವರು ನಕ್ಕದ್ದು ಅದೇ ಮೊದಲು. 'ಅದು ರೋಗ ಅಲ್ಲ ಮಾಸ್ತರೇ, ಗಂಡಿನ ಮರಿ. ತುಡುವೆಯ ಗಂಡಿನ ಮುಚ್ಚಳಕ್ಕೆ ತೂತು ಇದ್ದೇ ಇರ್ತದೆ. ಸಂಸಾರ ಸೊಕ್ಕಿ ಬರುವಾಗ ಗಂಡು ಮಾಡ್ತದೆ. ಒಳ್ಳೆಯ ಲಕ್ಷಣವೇ.'

ಮನೆಗೆ ಬಂದು ಓದಿ ನೋಡಿದೆ. ಅಜ್ಜ ಹೇಳಿದ್ದು ಸರಿ. ತುಡುವೆಯ ಗಂಡು ನೊಣದ ಕಣ್ಣಿನ ಮುಚ್ಚಳದ ನಡುವೆ ಒಂದು ರಂಧ್ರವಿರುತ್ತದೆ. ನಮ್ಮ ಪಠ್ಯಗಳಲ್ಲಿ ಹೆಚ್ಚಾಗಿ ಬರುವ ಯುರೋಪಿನ ಮೆಲ್ಲಿಫೆರಾ ಜೇನಿನಲ್ಲಿ ಇದಿಲ್ಲ. ನಾನು ಕಲಿಸಿದ್ದೂ, ಹೆದರಿದ್ದೂ ಆ ಜೇನಿನ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು.

'ಇದಕ್ಕೆ ಕಣ್ಣು ಇದೆಯಲ್ಲ'

ಆಗ ನನಗೆ ಹಿಂದಿನ ವಾರ ಬರೆದಿಟ್ಟ ಕಾಗದದ ನೆನಪಾಯಿತು. ಬೆಂಕಿಪೊಟ್ಟಣ ತೆರೆದು, ಅಂದಿನ ಮೂರು ಮರಿಗಳನ್ನು ಭೂತಗನ್ನಡಿಯ ಕೆಳಗೆ ಇಟ್ಟು ಅಜ್ಜನ ಕೈಗೆ ಕೊಟ್ಟೆ.

'ಅಜ್ಜಾ, ಆ ವರ್ಷ ನಿಮ್ಮ ಪೆಟ್ಟಿಗೆಯಿಂದ ಬಿದ್ದ ಮರಿಗಳೂ ಹೀಗೇ ಇದ್ದವೇ? ನಿಧಾನವಾಗಿ ನೋಡಿ ಹೇಳಿ.'

ಅವರು ಬಹಳ ಹೊತ್ತು ನೋಡಿದರು. ಕನ್ನಡಿಯನ್ನು ಹತ್ತಿರ ತಂದರು, ದೂರ ಹಿಡಿದರು. ಕೊನೆಗೆ ಹೇಳಿದರು: 'ಇದಕ್ಕೆ ಕಣ್ಣು ಇದೆಯಲ್ಲ. ಕಾಲೂ ಇದೆ. ಆ ವರ್ಷದ್ದಕ್ಕೆ ಕಣ್ಣೂ ಇಲ್ಲ, ಕಾಲೂ ಇಲ್ಲ. ಬರೀ ಚೀಲ.'

ನನಗೆ ಬೇಕಾಗಿದ್ದದ್ದು ಅದೇ ಮಾತು. ಸ್ಯಾಕ್‌ಬ್ರೂಡ್ ರೋಗ ಬಂದ ಮರಿಹುಳು ಕೋಶಾವಸ್ಥೆಗೆ ದಾಟುವುದಿಲ್ಲ. ಕಣ್ಣಿಗೆ ಮುಚ್ಚಳ ಬೀಳುವ ಹೊತ್ತಿಗೆ ಹುಳುವಾಗಿಯೇ ಸಾಯುತ್ತದೆ. ಕಣ್ಣಿನ ಬಣ್ಣ ಮೂಡುವುದು, ಕಾಲು ರೂಪುಗೊಳ್ಳುವುದು ಕೋಶಾವಸ್ಥೆಯಲ್ಲಿ. ಹಾಗಾದರೆ ಈ ಮರಿಗಳು ಆ ಗಂಡಾಂತರದ ಹಂತವನ್ನು ದಾಟಿ ಬಂದಿವೆ. ಇವು ಸತ್ತದ್ದು ಬೇರೆ ಕಾರಣಕ್ಕೆ. ಯಾವ ಕಾರಣ ಎಂಬುದನ್ನು ಪೆಟ್ಟಿಗೆಯೇ ಹೇಳಬೇಕು.

ಐದನೆಯ ಎರಿಯಲ್ಲಿ ಉತ್ತರ ಸಿಕ್ಕಿತು. ಹಳೆಯದಾಗಿ ಕಪ್ಪಾದ ಎರಿ. ಅದರ ಮೇಲೆ ಜೇನುಗಳು ವಿರಳ. ಮುಚ್ಚಿದ ಕಣ್ಣುಗಳ ನಡುವೆ ಒಂದು ಸಾಲಿನಲ್ಲಿ ಏಳೆಂಟು ಕಣ್ಣುಗಳ ಮುಚ್ಚಳ ತೆಗೆದಿತ್ತು. ಒಳಗಿನಿಂದ ಮರಿಗಳ ಬಿಳಿ ತಲೆ ಕಾಣುತ್ತಿತ್ತು. ಸಾಲು ನೇರವಲ್ಲ, ಯಾರೋ ಸುರಂಗ ತೋಡಿದಂತೆ ಅಂಕುಡೊಂಕು. ಅಜ್ಜ ಹಿಡಿಕಡ್ಡಿಯಿಂದ ಮೆಲ್ಲಗೆ ಕೆದಕಿದರು. ಬಿಳಿಯ ಜೇಡರಬಲೆಯಂಥ ನೂಲು ಎದ್ದು ಬಂತು; ಅದರ ಒಳಗೆ ಬೂದುಬಣ್ಣದ ಚುರುಕಾದ ಒಂದು ಹುಳು.

'ಮೇಣದ ಹುಳ' ಎಂದರು ಅಜ್ಜ.

ಮೇಣದ ಪತಂಗ ರಾತ್ರಿ ಗೂಡಿಗೆ ನುಗ್ಗಿ ಸಂದುಗಳಲ್ಲಿ ಮೊಟ್ಟೆ ಇಡುತ್ತದೆ. ಅದರ ಹುಳು ಮೇಣ, ಪರಾಗ, ಮರಿಗಳು ಬಿಟ್ಟ ಪೊರೆ ತಿನ್ನುತ್ತ ಎರಿಯೊಳಗೆ ನೂಲಿನ ಸುರಂಗ ಮಾಡಿಕೊಂಡು ಹೋಗುತ್ತದೆ. ಅದರ ಹಾದಿಯಲ್ಲಿ ಕೆಟ್ಟ ಮರಿಗಳನ್ನು ಜೇನುಗಳು ಎಳೆದು ಹೊರಗೆ ಹಾಕುತ್ತವೆ. ಬೆಂಕಿಪೊಟ್ಟಣಕ್ಕೆ ಬಂದದ್ದು ಅವೇ. ಅಡಿಹಲಗೆಯನ್ನು ಎಳೆದು ನೋಡಿದರೆ ಮೇಣದ ಪುಡಿಯ ಜೊತೆಗೆ ಕರಿಯ ಹಿಕ್ಕೆ. ಮೂಲೆಯಲ್ಲಿ ಇನ್ನೆರಡು ಹುಳು.

ಇದಕ್ಕೂ ಒಂದು ಕಾರಣವಿತ್ತು. ಬೇಸಿಗೆಯಲ್ಲಿ ಸಂಸಾರ ದೊಡ್ಡದಿದ್ದಾಗ ಆರು ಎರಿ ಕಟ್ಟಿದ್ದವು. ಜೂನಿನಿಂದ ನಾಲ್ಕು ತಿಂಗಳ ಮಳೆಯಲ್ಲಿ ಹೂವಿಲ್ಲ, ಹೊರಗೆ ಹಾರುವಂತಿಲ್ಲ. ಸಕ್ಕರೆಪಾಕದ ಮೇಲೆ ಜೀವ ಹಿಡಿದ ಕುಟುಂಬ ಸಣ್ಣದಾಯಿತು. ಈಗಿರುವ ಜೇನುಗಳು ನಾಲ್ಕು ಎರಿಯನ್ನು ಮಾತ್ರ ಮುಚ್ಚಿ ಕೂರಬಲ್ಲವು. ಕಾವಲಿಲ್ಲದೆ ಉಳಿದ ಎರಡು ಎರಿಗಳಲ್ಲಿ ಪತಂಗಕ್ಕೆ ಜಾಗ ಸಿಕ್ಕಿತು.

ಹತ್ತೊಂಬತ್ತೋ, ಇಪ್ಪತ್ತೊಂದೋ?

ಉಳಿದ ಎರಿಗಳನ್ನೂ ನೋಡಿದೆವು. ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬೆಳಕು ಹೆಗಲ ಮೇಲಿಂದ ಎರಿಯ ಕಣ್ಣಿನ ತಳಕ್ಕೆ ಬೀಳುವಂತೆ ಹಿಡಿದರೆ ಮೊಟ್ಟೆ ಕಾಣುತ್ತದೆ. ಕಣ್ಣಿಗೊಂದರಂತೆ ಸಣ್ಣ ಬಿಳಿ ದಾರದ ತುಣುಕು. ನಾಲ್ಕನೆಯ ಎರಿಯಲ್ಲಿ ಅಂಗೈಯಗಲ ಮೊಟ್ಟೆ ಇತ್ತು. ಮೊಟ್ಟೆ ಮೂರು ದಿನದಲ್ಲಿ ಒಡೆಯುತ್ತದೆ. ಅಂದರೆ ಮೂರು ದಿನದ ಒಳಗೆ ರಾಣಿ ಇಲ್ಲಿ ನಡೆದಾಡಿದ್ದಾಳೆ. ರಾಣಿಯನ್ನು ಕಣ್ಣಾರೆ ಕಾಣಬೇಕೆಂದಿಲ್ಲ. ಮೊಟ್ಟೆ ಕಂಡರೆ ಸಾಕು. ಆದರೂ ಹುಡುಗಿ ಅವಳನ್ನು ಹುಡುಕಿದಳು. ಮೈ ನೀಳವಾದ, ಕಪ್ಪಗಿನ ರಾಣಿ, ಕೆಲಸಗಾರರ ನಡುವೆ ದಾರಿ ಬಿಡಿಸಿಕೊಂಡು ಎರಿಯ ಆಚೆ ಬದಿಗೆ ಸರಿದಳು.

'ಈ ಮೊಟ್ಟೆಗಳು ಇಪ್ಪತ್ತೊಂದು ದಿನದಲ್ಲಿ ಜೇನಾಗಿ ಹೊರಬರುತ್ತವೆ. ಆಮೇಲೆ ಕುಟುಂಬ ಬಲವಾಗುತ್ತದೆ' ಎಂದೆ ನಾನು, ಮೇಷ್ಟರ ಧಾಟಿಯಲ್ಲಿ.

'ನಮ್ಮ ತುಡುವೆಗೆ ಅಷ್ಟು ದಿನ ಬೇಡ ಮಾಸ್ತರೇ. ಹತ್ತೊಂಬತ್ತು, ಹೆಚ್ಚೆಂದರೆ ಇಪ್ಪತ್ತು' ಎಂದರು ಅಜ್ಜ.

ಇದೂ ಸರಿಯೇ. 21 ಎಂಬುದು ಮೆಲ್ಲಿಫೆರಾದ ಲೆಕ್ಕ; ನಮ್ಮ ತುಡುವೆಯ ಕೆಲಸಗಾರ ನೊಣ 18ರಿಂದ 20 ದಿನದಲ್ಲಿ ಹೊರಬರುತ್ತದೆ. ಎಷ್ಟು ವರ್ಷ, ಎಷ್ಟು ತರಗತಿಗೆ ಆ ಒಂದು ಸಂಖ್ಯೆಯನ್ನು ಎಲ್ಲ ಜೇನಿಗೂ ಹಚ್ಚಿ ಬರೆಸಿದ್ದೇನೋ!

ಮುಂದಿನ ಕೆಲಸಕ್ಕೆ ಅರ್ಧ ಗಂಟೆ ಸಾಕಾಯಿತು. ಹಾಳಾದ ಎರಿಯಿಂದಲೂ ಖಾಲಿ ಎರಿಯಿಂದಲೂ ಜೇನುಗಳನ್ನು ಒಳಗೆ ಕೊಡವಿ ಎರಡನ್ನೂ ಹೊರತೆಗೆದೆವು. ಅಪ್ಪ ಒಂದು ಅಡಿಕೆ ಹಾಳೆ ತಂದು ಹಿಡಿದರು; ಅಡಿಹಲಗೆಯ ಕಸವನ್ನೆಲ್ಲ ಅದಕ್ಕೆ ಕೆರೆದು ಹುಳುಗಳ ಸಮೇತ ಒಲೆಗೆ ಹಾಕಿದೆವು. ಉಳಿದ ನಾಲ್ಕು ಎರಿಗಳನ್ನು ಒತ್ತಾಗಿ ಜೋಡಿಸಿ ಮುಚ್ಚಳ ಹಾಕಿದಳು ಹುಡುಗಿ. ಔಷಧಿ ಯಾವುದೂ ಇಲ್ಲ. ಎಲ್ಲ ಎರಿಯ ಮೇಲೂ ಜೇನು ಕೂರುವಂತೆ ಮನೆಯನ್ನು ಸಣ್ಣದು ಮಾಡಿದ್ದೇ ಚಿಕಿತ್ಸೆ.

ಪಾಲಕರಿಗೆ ಎರಡು ಮಾತು

ಊಟಕ್ಕೆ ಕುಳಿತಾಗ ಅಪ್ಪ ಮತ್ತೆ ಪರೀಕ್ಷೆಯ ಮಾತು ತೆಗೆದರು. ಅವರ ಆತಂಕ ಸುಳ್ಳಲ್ಲ. ಸಣ್ಣ ಹಿಡುವಳಿಯವರಿಗೆ ಮಕ್ಕಳ ಓದು ಒಂದೇ ಭರವಸೆ. ನಾನು ಅವರಿಗೆ ಹೇಳಿದ್ದಿಷ್ಟು. ಪೆಟ್ಟಿಗೆಯನ್ನು ದಿನಾ ತೆರೆಯಬೇಕಾಗಿಲ್ಲ, ತೆರೆಯಲೂಬಾರದು. ಎಂಟು ಹತ್ತು ದಿನಕ್ಕೊಮ್ಮೆ ಅರ್ಧ ಗಂಟೆ ಸಾಕು. ಅವಳು ಅಂದು ಮಾಡಿದ್ದೇನು? ಲಕ್ಷಣ ಕಂಡಳು, ಸತ್ತ ಮರಿಯನ್ನು ಎಸೆಯದೆ ಹತ್ತಿಯಲ್ಲಿ ಇಟ್ಟಳು, ತಿಳಿದವರನ್ನು ಕೇಳಿದಳು, ಉತ್ತರ ಸಿಗುವವರೆಗೆ ಸುಡಲು ಬಿಡಲಿಲ್ಲ. ವಿಜ್ಞಾನದ ಓದು ಎಂದರೆ ಇದೇ. ಮೂರು ಬಾಟಲಿ ತುಪ್ಪವನ್ನು ಮಾತ್ರ ಲೆಕ್ಕ ಹಾಕುವುದೂ ಸರಿಯಲ್ಲ. ಸೌತೆ, ಹೀರೆ, ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ನಡುವೆ ಪರಾಗ ಸಾಗಿಸಲು ಯಾವುದಾದರೂ ಕೀಟ ಬರಲೇಬೇಕು. ಅಂದು ತಟ್ಟೆಯಲ್ಲಿದ್ದ ಹೀರೆಕಾಯಿ ಪಲ್ಯದಲ್ಲಿ ಪೆಟ್ಟಿಗೆಯ ಪಾಲೂ ಇದ್ದಿರಬೇಕು.

ಎಚ್ಚರಿಕೆಯ ಮಾತೂ ಹೇಳಿದೆ. ಮಕ್ಕಳು ಒಬ್ಬರೇ ಪೆಟ್ಟಿಗೆ ತೆರೆಯಬಾರದು. ಮುಖಕ್ಕೆ ಬಲೆ, ತಿಳಿ ಬಣ್ಣದ ತುಂಬುತೋಳಿನ ಅಂಗಿ ಇರಲಿ. ಅತ್ತರು, ಸುಗಂಧದ ಎಣ್ಣೆ ಬೇಡ. ಕಚ್ಚಿದ ಜಾಗ ಊದಿಕೊಳ್ಳುವುದು ಸಹಜ. ಆದರೆ ಕೆಲವರಿಗೆ ಒಂದೇ ಕಡಿತಕ್ಕೂ ಮೈಯೆಲ್ಲ ದದ್ದು ಏಳುವುದು, ಮುಖ ಊದುವುದು, ಉಸಿರು ಕಟ್ಟುವುದು ಆಗುತ್ತದೆ. ಅಂಥವರನ್ನು ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಮರದ ಕೊಂಬೆಗೋ ಬಂಡೆಗೋ ಕಟ್ಟುವ ಹೆಜ್ಜೇನಿನ ಹತ್ತಿರ ಈ ಯಾವ ಪ್ರಯೋಗವೂ ಬೇಡವೇ ಬೇಡ.

ಹೊರಡುವಾಗ ಹುಡುಗಿ ನೋಟುಪುಸ್ತಕ ತಂದು ತೋರಿಸಿದಳು. ಅಂದಿನ ತಾರೀಕಿನ ಕೆಳಗೆ ಬರೆದಿದ್ದಳು: ಎರಿ ನಾಲ್ಕು, ಮೊಟ್ಟೆ ಇದೆ, ರಾಣಿ ಕಂಡಳು, ಗಂಡು ಮರಿ ಇದೆ, ಮೇಣದ ಹುಳ ಮೂರು, ಚೀಲದ ಮರಿ ಇಲ್ಲ. ನಾನು ಕೊನೆಯಲ್ಲಿ ಒಂದು ಸಾಲು ಸೇರಿಸಲು ಹೇಳಿದೆ: 'ಹತ್ತು ದಿನದ ನಂತರ ಮತ್ತೆ ನೋಡಬೇಕು.' ಒಂದು ಬೆಳಗಿನ ತಪಾಸಣೆಯಿಂದ ರೋಗ ಇಲ್ಲವೇ ಇಲ್ಲ ಎಂದು ಹೇಳುವಂತಿಲ್ಲ. ಆ ದಿನ ಕಾಣಲಿಲ್ಲ ಎಂದಷ್ಟೇ ಹೇಳಬಹುದು. ಬಸ್ಸಿಗೆ ಕಾಯುತ್ತ ನಿಂತಾಗ, ಆಯಿ ಕಟ್ಟಿಕೊಟ್ಟ ಬಾಳೆಹಣ್ಣು ತಿಂದೆ.

ಹನ್ನೊಂದನೆಯ ದಿನ ಮನೆಗೆ ಫೋನ್ ಬಂತು. 'ಸರ್, ಒಂದು ವಾರದಿಂದ ಬಾಗಿಲಲ್ಲಿ ಒಂದು ಮರಿಯೂ ಬಿದ್ದಿಲ್ಲ. ನಿನ್ನೆ ಪೆಟ್ಟಿಗೆ ತೆರೆದೆವು. ಎಲ್ಲ ಎರಿಯಲ್ಲೂ ಜೇನು ತುಂಬಿದೆ.'

'ತೆರೆದದ್ದು ನೀನೇ?'

'ಅಲ್ಲ ಸರ್, ಅಜ್ಜ. ನಾನು ಹೊಗೆ ಊದಿದೆ ಅಷ್ಟೇ. ಅಟ್ಟದಿಂದ ಇನ್ನೊಂದು ಪೆಟ್ಟಿಗೆ ಇಳಿಸು ಅಂದಿದ್ದಾರೆ. ಅಪ್ಪ ಇಳಿಸಿ ಕೊಟ್ಟರು.'

ರಜೆ ಮುಗಿದ ಮೇಲೆ ಒಂಬತ್ತನೆಯ ತರಗತಿಗೆ ಹೋದವನು ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದೆ: ಮೆಲ್ಲಿಫೆರಾ, 21 ದಿನ, ನಮ್ಮ ತುಡುವೆ, 18ರಿಂದ 20 ದಿನ. ನಾನು ಹಿಂದೆ ಬರೆಸಿದ್ದನ್ನು ತಿದ್ದಿಕೊಳ್ಳಿ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

'ಸರ್, ಪರೀಕ್ಷೆಯಲ್ಲಿ ಯಾವುದು ಬರೆಯಬೇಕು?'

'ಎರಡನ್ನೂ ಬರಿ' ಎಂದೆ. 'ಯಾವುದು ಯಾವ ಜೇನಿನ ಲೆಕ್ಕ ಎಂದು ಹೇಳಿ ಬರಿ.'